ನಾಸಿಕ್ ಎಂದರೆ ಊರು

ಆ ದೊಡ್ಡ ಗಾಡಿ ನಮ್ಮ ಉಡುಪಿಯ ರಸ್ತೆಗಳಿಗೆ ಹೊಸದಾಗಿ ಇಳಿದ ಕಾಲ ಅದು. ಎತ್ತರದ ಹಣೆ, ಬಾನೆಟ್ಟಿನ ನಡುವೆ ಒಂದು ಗೂನು, ಎದುರಿನಿಂದ ಬಂದರೆ ಸಿಟ್ಟಾದ ಹೆಡ್‌ಮಾಸ್ಟ್ರು ಕಾರಿಡಾರಿನಲ್ಲಿ ನಡೆದು ಬಂದ ಹಾಗೆ. ಮಣಿಪಾಲದ ಡಾಕ್ಟರೊಬ್ಬರು ಅದನ್ನು ಹೋಟೆಲಿನ ಮುಂದೆ ನಿಲ್ಲಿಸಿ ಮಸಾಲೆದೋಸೆಗೆ ಒಳಗೆ ಹೋದರೆ ಹೊರಗೆ ಸಣ್ಣ ಸಭೆ ಸೇರುತ್ತಿತ್ತು. ಸಭೆಯ ವಿಷಯ ಒಂದೇ: ಇದು ತಯಾರಾಗುವುದು ಎಲ್ಲಿ? ಒಬ್ಬರು ಜರ್ಮನಿ ಎನ್ನುವರು, ಇನ್ನೊಬ್ಬರು ಜಪಾನ್. ಕ್ಯಾಷಿಯರು ಮಾತ್ರ ಗಲ್ಲಾಪೆಟ್ಟಿಗೆಯಿಂದ ಏಳದೆಯೇ, "ಇಂಜಿನ್ ಹೊರಗಿನದ್ದು, ತಗಡು ನಮ್ಮದು" ಎಂದು ತೀರ್ಪು ಕೊಡುವರು. ಅವರ ಸ್ವರ ಮೂಗಿನಿಂದ ಹೊರಟು ಬಾಯಿಗೆ ಬರುವಷ್ಟರಲ್ಲಿ ಸುಸ್ತಾಗುತ್ತಿತ್ತು. ನಾನು ಅದನ್ನು ಮನೆಗೆ ತಂದು ಊಟದ ಹೊತ್ತಿಗೆ ಬಡಿಸುತ್ತಿದ್ದೆ.

ಸರಿಯಾದ ಉತ್ತರ ನಾಸಿಕ್. ಮಹಾರಾಷ್ಟ್ರದ ನಾಸಿಕ್. ಆ ಒಂದು ಶಬ್ದದಿಂದ ನನ್ನ ಅಕ್ಕನ ಮದುವೆ ಮಾತುಕತೆಯಲ್ಲೇ ಮುರಿದುಬೀಳುವುದರಲ್ಲಿತ್ತು.

ಯಾಕೆ ಎಂದು ಹೇಳುವ ಮೊದಲು ನನ್ನ ಬಗ್ಗೆ ಒಂದೆರಡು ಮಾತು. ನಮ್ಮ ಮನೆ ಹಿರಿಯಡ್ಕದಲ್ಲಿ. ಬಿ.ಕಾಂ. ಮುಗಿಸಿ, ಮುಂದೆ ಎಂತ ಮಾಡುವುದೆಂದು ಯಾರಾದರೂ ಕೇಳಿದರೆ ಅವರ ಸ್ವರದಲ್ಲೇ ಅದೇ ಪ್ರಶ್ನೆಯನ್ನು ಅವರಿಗೆ ತಿರುಗಿಸಿ ಕೇಳುವುದು ನನ್ನ ಆಗಿನ ಉದ್ಯೋಗ. ಬಸ್ಸಿನ ಕಂಡಕ್ಟರು, ಬ್ಯಾಂಕಿನ ಮ್ಯಾನೇಜರು, ರೇಡಿಯೋದಲ್ಲಿ ಅಡಿಕೆ ಧಾರಣೆ ಓದುವವರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದರು. ಮನೆಯ ಯಜಮಾನನಾದ ನನ್ನ ಸ್ವಂತ ಸ್ವರಕ್ಕೆ ಮಾತ್ರ ಜಾಗವಿರಲಿಲ್ಲ. ಫೋನಿನಲ್ಲಿ ನಾನು ನನ್ನದೇ ಸ್ವರದಲ್ಲಿ ಹಲೋ ಎಂದರೆ ಆಚೆಯವರು, "ಮೇಡಂ, ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ?" ಎಂದು ಕೇಳುತ್ತಿದ್ದರು. ನಾನು ಕ್ಯಾಷಿಯರ ಸ್ವರ ತೆಗೆದು, "ಇದ್ದಾರೆ, ಹೇಳಿ" ಎನ್ನುತ್ತಿದ್ದೆ.

ಇನ್ನು ನಾಸಿಕ್. ಭೂಗೋಳದ ಪುಸ್ತಕದಲ್ಲಿ ಅದು ಊರಾಗಿರಬಹುದು. ನಮ್ಮ ಕಡೆ ಆಗ ನಾಸಿಕ್ ಎಂದರೆ ಬ್ಯಾಂಡು. ಒಂದೇ ಬಣ್ಣದ ಟೀ ಶರ್ಟು ಹಾಕಿದ ಹುಡುಗರು ಸೊಂಟಕ್ಕೆ ಪೀಪಾಯಿಯಂಥ ಡೋಲು ಕಟ್ಟಿಕೊಂಡು, ಮೆರವಣಿಗೆಯ ಗಾಡಿಯ ಮುಂದೆ ಸಾಲಾಗಿ ನಿಂತು ಬಡಿಯಲು ಶುರು ಮಾಡಿದರೆ ಅಂಗಡಿಗಳ ಗಾಜಿನ ಭರಣಿಯಲ್ಲಿದ್ದ ಚಕ್ಕುಲಿ ತನ್ನಷ್ಟಕ್ಕೆ ಪುಡಿಯಾಗುತ್ತಿತ್ತು. ಮದುವೆ, ಮೊಸರುಕುಡಿಕೆ, ಕ್ರಿಕೆಟ್ ಟೂರ್ನಮೆಂಟು, ಎಲ್ಲದಕ್ಕೂ ಅದೇ. "ನಾಸಿಕ್ ಉಂಟಾ?" ಎಂದು ಕೇಳಿದರೆ ಬ್ಯಾಂಡು ಬರುತ್ತದಾ ಎಂದೇ ಅರ್ಥ. ಬ್ಯಾಂಡು ಎಂಬ ಬಾಲವನ್ನು ಜನ ಎಂದೋ ಕತ್ತರಿಸಿ ಹಾಕಿದ್ದರು.

ಅಕ್ಕನಿಗೆ ಬಂದ ಹುಡುಗ ಕಾಪುವಿನವನು. ದೀಪಸ್ತಂಭದ ಹತ್ತಿರ ಮನೆ, ಕೆಲಸ ನಾಸಿಕ್‌ನಲ್ಲಿ, ಆ ದೊಡ್ಡ ಗಾಡಿಯ ಕಾರ್ಖಾನೆಯಲ್ಲಿ. ಅಲ್ಲಿ ಗಾಡಿಗೆ ಬಾಗಿಲು ಕೂರಿಸುವ ವಿಭಾಗದಲ್ಲಿ ಇದ್ದ. ರಜೆಯಲ್ಲಿ ಬಂದವನು ತಾಯಿಯ ಜೊತೆ ನಮ್ಮ ಮನೆಗೆ ಬಂದ. ತೆಳ್ಳಗಿನ ಸ್ವರ, ಮಾತು ಕಡಿಮೆ. ಬಹಳ ಸಮಯ ಮರಾಠಿಯವರ ನಡುವೆ ಇದ್ದು, ಹೌದು ಎನ್ನುವಲ್ಲಿ "ಹೋ" ಎನ್ನುತ್ತಿದ್ದ. ಅಮ್ಮ, "ಇನ್ನು ಸ್ವಲ್ಪ ಚಾ ಹಾಕಲಾ?" ಎಂದರೆ, "ಹೋ." ಅಮ್ಮ ತನ್ನನ್ನೇ ಹೋಗು ಎಂದನೆಂದು ತಿಳಿದು ಒಳಗೆ ಹೋಗಿಬಿಟ್ಟಳು. ಹೊರಡುವಾಗ ನಮ್ಮ ಮುಂಬಾಗಿಲನ್ನು ತಾನೇ ಎಳೆದುಕೊಂಡ. ಅಷ್ಟಕ್ಕೆ ಬಿಡಲಿಲ್ಲ. ಪುನಃ ತೆರೆದ, ಕಿವಿ ವಾಲಿಸಿ, ಇನ್ನೊಮ್ಮೆ ಹಾಕಿದ. ಧಪ್. ಸಮಾಧಾನವಾದ ಮೇಲೆ ಚಪ್ಪಲಿ ಮೆಟ್ಟಿಕೊಂಡ.

ಅವನು ಗೇಟು ದಾಟುವ ಮೊದಲೇ ನಾನು ಅವನಾಗಿದ್ದೆ. ಹೋ, ಧಪ್, ಹೋ, ಧಪ್.

ಅಕ್ಕ ಮಣಿಪಾಲದ ಡಿಟಿಪಿ ಅಂಗಡಿಯಲ್ಲಿ ವಿದ್ಯಾರ್ಥಿಗಳ ಪ್ರಾಜೆಕ್ಟು ಟೈಪು ಮಾಡುತ್ತಿದ್ದವಳು. ಪ್ರೊಫೆಸರುಗಳ ಸ್ಪೆಲ್ಲಿಂಗು ತಿದ್ದಿ ತಿದ್ದಿ ನಾಲಗೆ ಹರಿತವಾಗಿತ್ತು. ಬೇರೆ ಯಾವ ಹುಡುಗ ನೋಡಲು ಬಂದು ಹೋದ ಮೇಲೂ ನನ್ನ ಅಣಕ ಕೇಳಿ ಮೊದಲು ನಗುವವಳು ಅವಳೇ. ಅಂದು ನಗಲಿಲ್ಲ. "ಅವರ ಸ್ವರ ಅಷ್ಟು ತೆಳ್ಳಗಿಲ್ಲ" ಎಂದಳು. "ಕೊನೆಗೆ ಸ್ವಲ್ಪ ದಪ್ಪ ಆಗುತ್ತದೆ. ಸರಿ ಮಾಡುವುದಾದರೆ ಸರಿ ಮಾಡು."

ನಾನು ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದಳು. ಅಪ್ಪ ಪೇಪರಿನ ಹಿಂದಿನಿಂದ, "ಅಣ್ಣನಿಗೆ ಫೋನು ಮಾಡು" ಎಂದರು. ಹುಡುಗಿ ಒಪ್ಪಿದ್ದಾಳೆ ಎಂದು ನಮ್ಮ ಮನೆಯಲ್ಲಿ ಯಾರೂ ಇದಕ್ಕಿಂತ ಸ್ಪಷ್ಟವಾಗಿ ಹೇಳಿದ್ದಿಲ್ಲ.

ಅಣ್ಣ ಎಂದರೆ ಅಮ್ಮನ ಅಣ್ಣ, ನಮ್ಮ ಸೋದರಮಾವ. ನಮ್ಮಲ್ಲಿ ಹುಡುಗಿಯ ಮದುವೆಗೆ ಮಾವ ಹೂಂ ಎನ್ನಬೇಕು. ಅವರು ಹೂಂ ಎನ್ನುವವರೆಗೆ ಅಪ್ಪ ಪೇಪರನ್ನು ಕೆಳಗಿಡುವುದಿಲ್ಲ. ಮಾವನ ಮನೆ ಬಜಗೋಳಿಯಲ್ಲಿ. ಕಾರ್ಕಳದಿಂದ ಬಜಗೋಳಿಗೆ ಸರ್ವಿಸ್ ಜೀಪು ಓಡಿಸುತ್ತಿದ್ದರು. ಜೀಪಿನ ಇಂಜಿನ್ನಿನ ಜೊತೆ ಪೈಪೋಟಿ ಮಾಡಿ ಮಾಡಿ ಅವರ ಸ್ವರ ಎಷ್ಟು ಬೆಳೆದಿತ್ತೆಂದರೆ, ಅಮ್ಮ ರಿಸೀವರನ್ನು ಕಿವಿಯಿಂದ ಒಂದು ಗೇಣು ದೂರ ಹಿಡಿಯುತ್ತಿದ್ದಳು, ಮನೆಯವರೆಲ್ಲ ಕೇಳುತ್ತಿದ್ದೆವು. ಇನ್ನೊಂದು ವಿಶೇಷ, ಮನೆಯಲ್ಲಿ ತುಳು ಮಾತಾಡುವ ಮಾವ ಫೋನು ಎತ್ತಿದ ಕೂಡಲೇ ಕನ್ನಡಕ್ಕೆ ಬರುತ್ತಿದ್ದರು. ಫೋನು ಸರಕಾರದ್ದಲ್ಲವಾ, ಹಾಗೆ.

"ಹುಡುಗ ಎಲ್ಲಿ ಇರುವುದು?" ಎಂದರು ಮಾವ.

"ನಾಸಿಕ್‌ನಲ್ಲಿ."

ಮಾವನ ಸ್ವರ ಜೀಪು ಗೇರು ಬದಲಿಸಿದ ಹಾಗೆ ಇಳಿಯಿತು. "ನಾಸಿಕ್‌ನಲ್ಲಿಯಾ?"

"ಹೌದು ಅಣ್ಣ. ಡಿಪ್ಲೊಮಾ ಮುಗಿಸಿದ ಕೂಡಲೇ ಸೇರಿದ್ದಂತೆ."

"ಡಿಪ್ಲೊಮಾ ಕಲಿತು ನಾಸಿಕ್‌ಗೆ ಸೇರಿದನಾ?"

"ಈಗ ಪರ್ಮನೆಂಟ್ ಆಗಿದೆಯಂತೆ. ಯೂನಿಫಾರ್ಮು ಎಲ್ಲ ಉಂಟಂತೆ."

"ಯೂನಿಫಾರ್ಮು ನಾನು ನೋಡಿದ್ದೇನೆ."

"ಒಮ್ಮೊಮ್ಮೆ ರಾತ್ರಿಯೂ ಹೋಗಲಿಕ್ಕುಂಟಂತೆ."

"ಅವರದ್ದು ರಾತ್ರಿಯೇ ಹೆಚ್ಚು. ಅಲ್ಲಿ ಇವನಿಗೆ ಎಂತ ಕೆಲಸ?"

"ಅದೇ, ದೊಡ್ಡ ಗಾಡಿಯದ್ದು."

"ಗಾಡಿಯ ಮುಂದೆಯೋ, ಹಿಂದೆಯೋ?"

ಅಮ್ಮ ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನ ಕಡೆ ತಿರುಗಿದಳು. ಬಾಗಿಲು ಇರುವುದು ಬದಿಯಲ್ಲಿ ಅಲ್ಲವಾ ಎಂದು ನಾನು, "ಬದಿಯಲ್ಲಿ" ಎಂದು ಪಿಸುಗುಟ್ಟಿದೆ.

"ಬದಿಯಲ್ಲಂತೆ ಅಣ್ಣ."

"ಎಲ್ಲಿ ನಿಂತರೂ ಒಂದೇ" ಎಂದರು ಮಾವ. "ನೋಡು, ಬಡಿಯುವವನಿಗೆ ನಮ್ಮ ಹುಡುಗಿಯನ್ನು ಕೊಡುವುದು ಬೇಡ. ಬಡಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇಡ್ತೇನೆ."

ಈಗ ಬರೆಯುವಾಗ ಎಲ್ಲ ನೀರಿನಷ್ಟು ತಿಳಿ. ಮಾವ ಹೇಳಿದ್ದು ಡೋಲು ಬಡಿಯುವುದನ್ನು. ಅಂದು ಮಾತ್ರ ನಮ್ಮ ಮನೆಯಲ್ಲಿ ಯಾರ ತಲೆಗೂ ಡೋಲು ಹೊಳೆಯಲಿಲ್ಲ. ಕಾರ್ಖಾನೆ, ಗಾಡಿ, ಬಾಗಿಲು ಎಂದೇ ಮಾತಾಡುತ್ತಿದ್ದ ನಮಗೆ ಬಡಿಯುವುದು ಎಂದರೆ ಮನುಷ್ಯರನ್ನು ಬಡಿಯುವುದೇ. ನನಗೂ ಹೊಳೆಯಲಿಲ್ಲ. ಸ್ವರ ಕದಿಯುವವನಿಗೆ ಮೊದಲು ಸ್ವರ ಮಾತ್ರ ಕೇಳುತ್ತದೆ, ಅರ್ಥ ಮರುದಿನದ ಬಸ್ಸಿಗೆ ಬರುತ್ತದೆ. ಮಾವ ತುಳುವಿನಲ್ಲಿಯೇ ಮಾತಾಡಿದ್ದರೆ, ಡೋಲಿಗೊಂದು ಮನುಷ್ಯರಿಗೊಂದು ಶಬ್ದ ಬಂದು, ಇಷ್ಟು ಆಗುತ್ತಿರಲಿಲ್ಲವೋ ಏನೋ.

ಅಮ್ಮ ರಿಸೀವರು ಇಟ್ಟು, "ಅವ ಬಡಿಯುತ್ತಾನಂತೆ" ಎಂದಳು.

"ಯಾರನ್ನು?" ಎಂದಳು ಅಕ್ಕ.

"ಅದು ಹೇಳಲಿಲ್ಲ. ಕಣ್ಣಾರೆ ಕಂಡಿದ್ದಾರಂತೆ." ಅಮ್ಮನಿಗೆ ಅಷ್ಟರಲ್ಲೇ ಸಾಕ್ಷಿಗಳು ಸಿಗತೊಡಗಿದವು. "ಹೋಗುವಾಗ ಬಾಗಿಲನ್ನು ಎರಡೆರಡು ಸಲ ಬಡಿದ ಅಲ್ವಾ? ನನಗೆ ಆಗಲೇ ಅನಿಸಿತ್ತು. ಸಾಧು ಮನುಷ್ಯ ಒಮ್ಮೆ ಹಾಕುತ್ತಾನೆ."

"ಅದು ಅವರ ಕೆಲಸದ ಅಭ್ಯಾಸ" ಎಂದಳು ಅಕ್ಕ.

"ಅದನ್ನೇ ನಾನೂ ಹೇಳುವುದು. ಅಭ್ಯಾಸ."

ಹುಡುಗನ ಮನೆಯವರಿಗೆ ಉತ್ತರ ಬೇಗ ಬೇಕಿತ್ತು. ಭಾನುವಾರ ಅವನು ಉಡುಪಿಯಿಂದ ರೈಲು ಹತ್ತಿದರೆ ಮತ್ತೆ ಬರುವುದು ಮುಂದಿನ ವರ್ಷ. ಅಷ್ಟರೊಳಗೆ ಹೂಂ ಎನ್ನದಿದ್ದರೆ ಸಂಬಂಧ ಅಲ್ಲಿಗೇ ಮುಗಿದ ಹಾಗೆ. ಸಂಜೆ ಮನೆಯ ಗಾಳಿ ತಿಳಿಯಾಗಲೆಂದು ನಾನು ಮೆಲ್ಲಗೆ, "ಹೋ" ಎಂದೆ. ಕೊನೆಗೆ ಸ್ವಲ್ಪ ದಪ್ಪ ಮಾಡಿಯೇ ಹೇಳಿದೆ. ಅಕ್ಕ ನನ್ನನ್ನು ನೋಡಲಿಲ್ಲ. "ಅದು ಇನ್ನು ಬೇಡ" ಎಂದಳು. ಅವಳು ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಮರುದಿನ ಬೆಳಿಗ್ಗೆ ಮಣಿಪಾಲದ ಬಸ್ಸಿಗೆ ಹೊರಟವಳು ಮೆಟ್ಟಿಲಲ್ಲಿ ನಿಂತಳು. "ನೀನು ಕಾರ್ಕಳಕ್ಕೆ ಹೋಗಿ ಮಾವನನ್ನು ಕಂಡು ಬಾ. ಅವರು ಕಂಡದ್ದು ಎಂತ, ಯಾರನ್ನು ಬಡಿದದ್ದು, ಸರಿಯಾಗಿ ಕೇಳು. ನಿಜವಾದರೆ ನಾನೇ ಬೇಡ ಎನ್ನುತ್ತೇನೆ. ಕೇಳದೆ ಬೇಡ ಎನ್ನಲಿಕ್ಕೆ ನನಗೆ ಮನಸ್ಸಿಲ್ಲ."

"ಮಾವನ ಸ್ವರದಲ್ಲೇ ವರದಿ ಒಪ್ಪಿಸಬೇಕಾ?"

"ನಿನ್ನ ಸ್ವರದಲ್ಲಿ ಸಾಕು. ಇದ್ದರೆ."

ಕಾರ್ಕಳದ ಬಸ್ಸಿನಲ್ಲಿ ನಾನು ಸುಮ್ಮನೆ ಕೂತಿದ್ದೆ. ಕಂಡಕ್ಟರು, "ಕಾರ್ಲ ಕಾರ್ಲ ಕಾರ್ಲ" ಎಂದು ಕೂಗಿ, ನಾನು ಹಿಂದಿನಿಂದ ಪ್ರತಿಧ್ವನಿ ಕೊಡುತ್ತೇನೆಂದು ಕಾದು, ಬಾರದೆ ಇದ್ದಾಗ ಹತ್ತಿರ ಬಂದ. "ಎಂತ ಮಾರಾಯ, ಗಂಟಲು ಹೋಯ್ತಾ?" ಹೌದು ಎಂದು ತಲೆಯಾಡಿಸಿದೆ. ಅವನು ನಿರಾಳವಾಗಿ ಮುಂದೆ ಹೋದ. ಆ ಬಸ್ಸಿನಲ್ಲಿ ಅಂದು ನನ್ನ ಕಷ್ಟದಿಂದ ಸುಖ ಕಂಡವನು ಅವನೊಬ್ಬನೇ.

ಜೀಪುಗಳ ನಿಲ್ದಾಣದಲ್ಲಿ ಮಾವ ತನ್ನ ಜೀಪು ತುಂಬುವುದನ್ನು ಕಾಯುತ್ತಿದ್ದರು. ಜೀಪಿನ ಹಿಂಬಾಗಿಲು ಬಹಳ ಹಿಂದೆಯೇ ಮುಚ್ಚಿಕೊಳ್ಳುವುದನ್ನು ಮರೆತಿತ್ತು. ಅದಕ್ಕೆ ಒಂದು ಹಗ್ಗ. ಪ್ರಯಾಣಿಕರು ಹತ್ತಿದ ಮೇಲೆ ಮಾವ ಅದನ್ನು ಎಳೆದು, ಎರಡು ಸುತ್ತು ಸುತ್ತಿ, ಕರುವನ್ನು ಕಟ್ಟಿದ ಹಾಗೆ ಗಂಟು ಹಾಕುತ್ತಿದ್ದರು. ಮುಂದಿನ ಸೀಟಿನಲ್ಲಿ ಬಜಗೋಳಿಯ ಅಂಗಡಿಯ ಮುದುಕರೊಬ್ಬರು ಕಾಲ ನಡುವೆ ನೀರುಳ್ಳಿಯ ಗೋಣಿ ಇಟ್ಟುಕೊಂಡು ಕೂತಿದ್ದರು. ಕಾರ್ಕಳದ ಮಂಡಿಯಿಂದ ಸಾಮಾನು ಒಯ್ಯುವ ಅವರನ್ನು ಕೊಂಕಣಿಯ ಮರ್ಯಾದೆಯಲ್ಲಿ ಎಲ್ಲರೂ ಮಾಮ್ ಎನ್ನುತ್ತಿದ್ದರು.

ನಾನು ಪೀಠಿಕೆ ಇಲ್ಲದೆ ಕೇಳಿದೆ. "ಮಾವ, ಆ ಹುಡುಗ ಬಡಿಯುವುದನ್ನು ನೀವು ಕಂಡದ್ದು ಎಲ್ಲಿ?"

"ಇಲ್ಲಿಯೇ, ಪೇಟೆಯ ನಡುವೆ. ಅವನನ್ನೇ ಅಂತ ಅಲ್ಲ, ಅವರ ಸೆಟ್ಟನ್ನು. ಜೀಪು ಮುಂದೆ ಬಿಡಬೇಕಲ್ಲ? ಹಾರ್ನ್ ಹಾಕಿದರೆ ಇನ್ನಷ್ಟು ಬಡಿದರು."

"ಒಟ್ಟಿಗೆ ಎಷ್ಟು ಜನ?"

"ರಸ್ತೆ ತುಂಬ ಇದ್ದರು. ಸಾಲು ಕಟ್ಟಿ ಬಡಿಯುವುದು."

"ಪೊಲೀಸರು?"

"ಪೊಲೀಸರೇ ಮುಂದೆ ನಿಂತು ದಾರಿ ಮಾಡಿ ಕೊಡುತ್ತಿದ್ದರು."

"ದುಡ್ಡು ತೆಗೆದುಕೊಂಡು ಬಡಿಯುತ್ತಾರಾ ಮಾವ?"

"ಮತ್ತೆ, ಧರ್ಮಕ್ಕೆ ಬಡಿಯುತ್ತಾರಾ? ಮದುವೆಗೆ ಕರೆದರೆ ಮದುವೆಗೂ ಬರುತ್ತಾರೆ."

"ಮದುವೆಯಲ್ಲಿ ಯಾರನ್ನು ಬಡಿಯುವುದು?"

ಮಾವ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಯಾರನ್ನು ಅಂದರೆ? ನಿನಗೆ ಎಂತ ಆಗಿದೆ? ಹೀಗೆ" ಎಂದು, ಲುಂಗಿ ಉಟ್ಟ ಸೊಂಟವನ್ನು ಸ್ವಲ್ಪ ಮುಂದೆ ತಳ್ಳಿ, ಎರಡೂ ಕೈಯಲ್ಲಿ ಇಲ್ಲದ ಕೋಲು ಹಿಡಿದು, ಇಲ್ಲದ ಡೋಲನ್ನು ಬಡಿದು ತೋರಿಸಿದರು. ಬಾಯಲ್ಲಿ, "ಢಂ ಢಕ್ಕ ಢಂ ಢಕ್ಕ." ತಾಳ ತಪ್ಪಿತ್ತು. ಆದರೆ ಗುರುತು ಸಿಕ್ಕಿತು.

ನಾನು ಜೀಪಿನ ಮಡ್‌ಗಾರ್ಡ್ ಹಿಡಿದುಕೊಂಡು ರಸ್ತೆಯ ಬದಿಗೆ ಕೂತೆ. ನಗುವುದೋ ಅಳುವುದೋ ತಿಳಿಯದೆ ಗಂಟಲಿನಿಂದ ಒಂದು ಸದ್ದು ಬಂತು. ಅದು ಯಾರ ಸ್ವರವೂ ಆಗಿರಲಿಲ್ಲ, ನನ್ನದೇ ಇರಬೇಕು. ಮಾವ ಗಾಬರಿಯಾಗಿ ನೀರಿನ ಬಾಟಲಿ ಕೊಟ್ಟರು.

"ಮಾವ, ಅವ ಬ್ಯಾಂಡಿನವನಲ್ಲ. ಕಾರ್ಖಾನೆಯವನು. ಆ ದೊಡ್ಡ ಗಾಡಿ ಉಂಟಲ್ಲ, ಬಾನೆಟ್ಟಿನಲ್ಲಿ ಗೂನು ಇರುವುದು, ಅದನ್ನು ಮಾಡುವ ಕಾರ್ಖಾನೆ. ಅದು ಇರುವುದು ನಾಸಿಕ್‌ನಲ್ಲಿ. ನಾಸಿಕ್ ಎಂದರೆ ಊರು."

ಮಾವನ ಮುಖ ಬಿಗಿಯಿತು. ಅವರ ಪ್ರಕಾರ ಆ ಗಾಡಿಯೂ ಅವರ ಜೀಪೂ ಒಂದೇ ಮನೆತನದ್ದು. ಆ ಮನೆತನದ ವಿಷಯವನ್ನು ಜೀಪು ಓಡಿಸಿ ಗೊತ್ತಿಲ್ಲದ ನಾನು ಹೇಳಿಕೊಡುವುದಾ? "ಅದು ಆಗುವುದು ಬೊಂಬಾಯಿಯಲ್ಲಿ. ನಾಸಿಕ್ ಊರು ಅಂತ ನಿನಗೆ ಹೇಳಿದ್ದು ಯಾರು? ನಿನ್ನ ಬಾಯಿಯಿಂದ ಬರುವುದರಲ್ಲಿ ನಿಂದು ಎಷ್ಟು, ಬೇರೆಯವರದ್ದು ಎಷ್ಟು ಅಂತ ಯಾರಿಗೆ ಗೊತ್ತುಂಟು?"

ಸುಳ್ಳು ಹೇಳದವನ ಮಾತನ್ನೂ ಯಾರೂ ನಂಬದ ಸ್ಥಿತಿಯನ್ನು ನಾನು ಕಷ್ಟಪಟ್ಟು ಗಳಿಸಿದ್ದೆ.

ಆಗ ಮುಂದಿನ ಸೀಟಿನ ಮಾಮ್ ಬಾಯಿಯ ಎಲೆಯಡಿಕೆಯನ್ನು ಒಂದು ಕೆನ್ನೆಗೆ ಸರಿಸಿದರು. "ಇಷ್ಟು ವರ್ಷ ನಿಮ್ಮ ಜೀಪಿನಲ್ಲಿ ನಾನು ತಂದ ನೀರುಳ್ಳಿ ಎಲ್ಲಿಯದ್ದು ಅಂತ ಗ್ರಹಿಸಿದ್ದೀರಿ?"

"ಹುಬ್ಬಳ್ಳಿಯದ್ದು."

"ಅದು ಸಣ್ಣದು. ಈ ದೊಡ್ಡದು ನಾಸಿಕ್. ಲಾರಿಯಲ್ಲಿ ಬರುವುದು."

ಮಾವ ಬಗ್ಗಿ ಗೋಣಿಯನ್ನು ನೋಡಿದರು. ಬಲೆಯಂಥ ಗೋಣಿಯ ಒಳಗಿನಿಂದ ನೀರುಳ್ಳಿಗಳು ಗುಂಡಗೆ ನೋಡುತ್ತಿದ್ದವು. "ಅಂದರೆ ನೀರುಳ್ಳಿಯೂ ಅಲ್ಲಿಯದ್ದು, ಬ್ಯಾಂಡೂ ಅಲ್ಲಿಯದ್ದು, ಗಾಡಿಯೂ ಅಲ್ಲಿಯದ್ದು" ಎಂದರು ನಿಧಾನವಾಗಿ. "ಹಾಗಾದರೆ ಅಲ್ಲಿ ಇಲ್ಲದ್ದು ಎಂತ ಮಾರಾಯ್ರೇ?"

"ತೆಂಗಿನಕಾಯಿ" ಎಂದರು ಮಾಮ್. "ಜೀಪು ಬಿಡ್ತೀರಾ?"

ಮಾವ ಹಗ್ಗ ಎಳೆದು ಗಂಟು ಹಾಕಿದರು. ಗಂಟು ಎಂದಿಗಿಂತ ತಡವಾಯಿತು. ಸ್ಟೇರಿಂಗ್ ಮುಂದೆ ಕೂತು, ನನ್ನ ಮುಖ ನೋಡದೆ ಹೇಳಿದರು: "ಹುಡುಗನನ್ನು ನಾಳೆ ಇಲ್ಲಿಗೆ ಕರೆದುಕೊಂಡು ಬಾ. ನಾನು ನೋಡಿದ ಮೇಲೆ ಹೇಳುತ್ತೇನೆ. ಫೋನಿನಲ್ಲಿ ಹೇಳಿದ್ದು ಫೋನಿನಲ್ಲಿ ಇರಲಿ."

ನಾನು ಬಸ್‌ಸ್ಟ್ಯಾಂಡಿನ ಬೂತಿನಿಂದ ಮನೆಗೆ ಫೋನು ಮಾಡಿದೆ.

"ಅಮ್ಮ, ಅವ ಬಡಿಯುವುದಿಲ್ಲ."

"ಯಾರನ್ನು?"

"ಯಾರನ್ನೂ. ಎಂತದನ್ನೂ."

"ಯಾರು ಮಾತಾಡುವುದು?" ಎಂದಳು ಅಮ್ಮ. ನನ್ನ ಸ್ವರ ಅಷ್ಟು ನೆಟ್ಟಗೆ ಬಂದದ್ದು ಅವಳಿಗೆ ಹೊಸತು.

ವಿಷಯ ಪೂರ್ತಿ ಕೇಳಿ ಅಮ್ಮ ಒಮ್ಮೆ ದೇವರನ್ನು, ಒಮ್ಮೆ ಅಣ್ಣನನ್ನು ಕರೆದಳು. ಆಮೇಲೆ, "ಹಾಗಾದರೆ ಆ ಬಾಗಿಲು?" ಎಂದಳು. "ಅದು ಕೆಲಸದ ಅಭ್ಯಾಸ" ಎಂದೆ. "ನಾನು ಆಗಲೇ ಹೇಳಲಿಲ್ಲವಾ ಅಭ್ಯಾಸ ಅಂತ?" ಎಂದಳು. ಹೇಳಿದ್ದಳು, ಸುಳ್ಳಲ್ಲ.

ಅಕ್ಕನಿಗೆ ಹೇಳಲು ಕಾರ್ಕಳದಿಂದ ನೇರ ಮಣಿಪಾಲಕ್ಕೆ ಹೋದೆ. ಅವಳು ಯಾರದೋ ಪ್ರಾಜೆಕ್ಟಿನ ಮುಂದೆ ಕೂತಿದ್ದಳು. ಕೇಳುತ್ತ ಕೇಳುತ್ತ ಕೀಬೋರ್ಡಿನ ಮೇಲಿನ ಬೆರಳುಗಳು ನಿಂತವು. "ಡೋಲಾ?" ಎಂದಳು. "ಡೋಲು" ಎಂದೆ. ಅವಳು ಕುರ್ಚಿಗೆ ಒರಗಿ, ಫ್ಯಾನಿನ ಕಡೆ ಮುಖ ಮಾಡಿ, ಉಸಿರು ಬಿಟ್ಟಳು. ಆಮೇಲೆ ಹೇಳಿದಳು: "ಇನ್ನು ಮಾವ ಹೂಂ ಎನ್ನಬೇಕು. ಅವರಿಗೆ ತಾನು ತಪ್ಪಿದೆ ಎಂದು ಹೇಳಲಿಕ್ಕೆ ಬರುವುದಿಲ್ಲ." ಅದು ನನಗೂ ಗೊತ್ತಿತ್ತು. ಮಾವನನ್ನು ಅಣಕಿಸುವಾಗ ನಾನು ಎಲ್ಲ ಶಬ್ದ ಹೇಳಬಲ್ಲೆ, ಆ ಒಂದು ಶಬ್ದ ಅವರ ಸ್ವರದಲ್ಲಿ ಕೂರುವುದೇ ಇಲ್ಲ.

ಮರುದಿನ ಕಾಪುವಿನಿಂದ ಹುಡುಗ ಇಸ್ತ್ರಿ ಮಾಡಿದ ಅಂಗಿಯಲ್ಲಿ ನನ್ನ ಜೊತೆ ಕಾರ್ಕಳಕ್ಕೆ ಬಂದ. ಮಾವ ಜೀಪಿಗೆ ಒರಗಿ ನಿಂತಿದ್ದರು. ಉಭಯ ಕುಶಲೋಪರಿ ಇಲ್ಲ. "ಬಾಗಿಲಿನ ಕೆಲಸ ಅಲ್ವಾ?" ಎಂದರು.

"ಹೋ" ಎಂದ ಹುಡುಗ. ನಾನು ನಡುವೆ ಹಾರಿ, "ಹೌದು ಅಂತ ಅರ್ಥ" ಎಂದೆ.

"ಹಾಗಾದರೆ ಇದನ್ನು ನೋಡು." ಮಾವ ಹಿಂಬಾಗಿಲಿನ ಹಗ್ಗ ಬಿಚ್ಚಿದರು.

ನನ್ನ ಎದೆ ಡೋಲು ಬಡಿಯಿತು. ಆ ಬಾಗಿಲನ್ನು ಕಾರ್ಕಳದ ವೆಲ್ಡರುಗಳು ಒಬ್ಬೊಬ್ಬರಾಗಿ ಕೈಬಿಟ್ಟಿದ್ದರು. ಇವನು ಸರಿಮಾಡುತ್ತೇನೆಂದು ಹೊರಟು ಆಗದಿದ್ದರೆ ಮಾವನಿಗೆ ಬೇಡ ಎನ್ನಲು ನೆವ ಸಿಗುತ್ತಿತ್ತು. ಹುಡುಗ ಬಾಗಿಲು ಹಾಕಿದ. ಅದು ರಟಕ್ ಎಂದು ಹಿಂದೆ ಬಂತು. ಪುನಃ ತೆರೆದು, ಕಿವಿ ವಾಲಿಸಿ, ಇನ್ನೊಮ್ಮೆ ಹಾಕಿದ. ರಟಕ್. ಕೀಲನ್ನು ಮುಟ್ಟಿ ನೋಡಿದ. ಹಗ್ಗವನ್ನು ಕೈಗೆ ತೆಗೆದುಕೊಂಡು ಎಳೆದು ನೋಡಿದ.

"ಇದು ಇನ್ನು ಆಗುವುದಿಲ್ಲ ಮಾವ" ಎಂದ. "ಹಗ್ಗವೇ ಒಳ್ಳೆಯದು. ಗಂಟು ಚೆನ್ನಾಗಿ ಹಾಕಿದ್ದೀರಿ."

ಮಾವ ಅವನನ್ನು ನೋಡಿದರು. ಅವನು ಕೇಳದೆಯೇ ಮಾವ ಎಂದದ್ದಕ್ಕೋ, ಗಂಟನ್ನು ಹೊಗಳಿದ್ದಕ್ಕೋ, ಮೀಸೆಯ ಒಂದು ಬದಿ ಮೇಲೆ ಹೋಯಿತು. "ಎಲ್ಲ ವೆಲ್ಡರುಗಳೂ ಆಗುತ್ತದೆ ಅಂದರು" ಎಂದರು. "ಒಬ್ಬನಾದರೂ ಆಗುವುದಿಲ್ಲ ಅಂದನಲ್ಲ." ಆಮೇಲೆ ಅವನನ್ನು ಹೋಟೆಲಿಗೆ ಕರೆದುಕೊಂಡು ಹೋಗಿ ಗೋಳಿಬಜೆ ತರಿಸಿದರು. ತಿನ್ನುತ್ತ ಒಂದು ಗುಮಾನಿಯನ್ನು ಕೊನೆಯದಾಗಿ ಹೊರಗೆ ತೆಗೆದರು. "ಅಲ್ಲಿ ನಿಮ್ಮ ಊರಿನಲ್ಲಿ ಆ ಬ್ಯಾಂಡು ಇಲ್ಲವಾ?"

"ಉಂಟು. ಅಲ್ಲಿ ಅದಕ್ಕೆ ಬರೀ ಢೋಲ್ ಅಂತಾರೆ. ನಾಸಿಕ್ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ."

"ಹಾಗೆ ಹೇಳು" ಎಂದರು ಮಾವ, ನನ್ನ ಕಡೆ ತಿರುಗಿ. "ತಪ್ಪು ಹೆಸರಿಟ್ಟವರದ್ದು." ಅಲ್ಲಿಗೆ ಪ್ರಕರಣ ಮುಗಿಯಿತು. ಹೋಟೆಲಿನ ಫೋನಿನಿಂದ ಅಮ್ಮನಿಗೆ ಅವರೇ ಕನ್ನಡದಲ್ಲಿ ಕೂಗಿದರು: "ಹುಡುಗ ಆಗಬಹುದು. ಮದುವೆಗೆ ಆ ಬ್ಯಾಂಡು ಮಾತ್ರ ಬೇಡ." ಅಪ್ಪ ಪೇಪರು ಮಡಚಿ ಕೆಳಗಿಟ್ಟರು ಎಂದು ಆಮೇಲೆ ತಿಳಿಯಿತು.

ಸಂಜೆ ನಾನು ಮನೆಗೆ ಬರುವಾಗ ಅಕ್ಕ ಮುಂಬಾಗಿಲಲ್ಲಿ ನಿಂತಿದ್ದಳು. ಫೋನು ನನಗಿಂತ ಮೊದಲು ಬಂದು ಮುಟ್ಟಿತ್ತು. ಒಳಗೆ ಒಗ್ಗರಣೆಯ ಸದ್ದು. ಅವಳು ಒಮ್ಮೆ ಒಳಗಿನ ಕಡೆ ತಿರುಗಿ ನೋಡಿದಳು. ಆಮೇಲೆ ತಗ್ಗಿದ ಸ್ವರದಲ್ಲಿ, "ಒಮ್ಮೆ ಮಾಡು" ಎಂದಳು.

"ಎಂತದ್ದು?"

"ಬಾಗಿಲು. ಅವರ ಹಾಗೆ."

ನಾನು ಹೊಸ್ತಿಲ ಹೊರಗೆ ನಿಂತು ಬಾಗಿಲು ಎಳೆದುಕೊಂಡೆ. ಪುನಃ ತೆರೆದೆ. ಕಿವಿ ವಾಲಿಸಿ ಇನ್ನೊಮ್ಮೆ ಹಾಕಿದೆ. ಧಪ್. ಬಾಗಿಲಿನ ಆಚೆಯಿಂದ ಅಕ್ಕ ನಗುವುದು ಕೇಳಿಸಿತು. "ಎರಡನೆಯದು ಸ್ವಲ್ಪ ಮೆಲ್ಲಗೆ" ಎಂದಳು. "ಇನ್ನೊಮ್ಮೆ."

ಒಳಗಿನಿಂದ ಅಮ್ಮ, "ಯಾರದು ಬಾಗಿಲು ಬಡಿಯುವುದು?" ಎಂದಳು.

"ಬಡಿಯುವುದಲ್ಲ ಅಮ್ಮ" ಎಂದಳು ಅಕ್ಕ, "ಹಾಕುವುದು."